ಜಂಟಿ ಖರ್ಚನ್ನು ಅನುಪಾತದಲ್ಲಿ ಹಂಚುವ ಲೆಕ್ಕಗಳು: ಎಲ್ಲಿ ಎಡವುತ್ತಾರೆ, ಹೇಗೆ ಬಿಡಿಸಿ ತೋರಿಸಬೇಕು?

ಹೈಸ್ಕೂಲ್ ಗಣಿತ

ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೂ ಒಂದೇ ಕಡೆ ಸಿಗಲಿ ಎಂದು ಈ ಚರ್ಚೆ ಶುರು ಮಾಡುತ್ತಿದ್ದೇನೆ. ಮೊದಲ ಲೆಕ್ಕ ಇದು:

ಮೂವರು ರೈತರು ಸೇರಿ ಭತ್ತ ಕಟಾವು ಯಂತ್ರವನ್ನು ಬಾಡಿಗೆಗೆ ತರಿಸಿದರು. ಒಟ್ಟು ಬಾಡಿಗೆ 18,000 ರೂ. ಗದ್ದೆಗಳು: ಕ 2 ಎಕರೆ 20 ಗುಂಟೆ, ಖ 3 ಎಕರೆ 10 ಗುಂಟೆ, ಗ 1 ಎಕರೆ 30 ಗುಂಟೆ. ವಿಸ್ತೀರ್ಣಕ್ಕೆ ತಕ್ಕಂತೆ ಹಂಚಿಕೊಂಡರೆ ಯಾರು ಎಷ್ಟು ಕೊಡಬೇಕು?

ಉತ್ತರಪತ್ರಿಕೆಗಳಲ್ಲಿ ಪದೇ ಪದೇ ಕಾಣುವ ತಪ್ಪು ಹೀಗಿರುತ್ತದೆ. 2.20 + 3.10 + 1.30 = 6.60. ಕ = 18,000 × 2.20 ÷ 6.60 = 6,000. ಖ = 8,454.55. ಗ = 3,545.45. ಕೂಡಿದರೆ ಸರಿಯಾಗಿ 18,000. ಮಗು ತಾಳೆ ನೋಡಿ, ಸರಿ ಇದೆ ಎಂದು ಮುಂದಿನ ಪ್ರಶ್ನೆಗೆ ಹೋಗುತ್ತದೆ.

ಎಕರೆಗೆ 40 ಗುಂಟೆ. ಹಾಗಾಗಿ 2 ಎಕರೆ 20 ಗುಂಟೆ ಅಂದರೆ ಎರಡೂವರೆ ಎಕರೆ, 2.20 ಆಗುವುದಿಲ್ಲ. ಎಲ್ಲವನ್ನೂ ಗುಂಟೆಗೆ ಇಳಿಸಿದರೆ ಕ 100, ಖ 130, ಗ 70, ಒಟ್ಟು 300 ಗುಂಟೆ. ಗುಂಟೆಗೆ 60 ರೂ. ಕ 6,000, ಖ 7,800, ಗ 4,200.

ತಪ್ಪು ದಾರಿಯಲ್ಲೂ ಕ-ನ ಪಾಲು 6,000 ಎಂದೇ ಬಂದದ್ದನ್ನು ನೋಡಿ. 2.20/6.60 ಕೂಡ ಮೂರನೇ ಒಂದು, 100/300 ಕೂಡ ಮೂರನೇ ಒಂದು. ಪ್ರಶ್ನೆಯಲ್ಲಿ ಕ-ನ ಪಾಲನ್ನಷ್ಟೇ ಕೇಳಿದ್ದರೆ ತಪ್ಪು ಬಿಡಿಕೆಗೆ ಪೂರ್ತಿ ಅಂಕ ಸಿಕ್ಕುಬಿಡುತ್ತಿತ್ತು. ಪ್ರಶ್ನೆ ತಯಾರಿಸುವವರು ಇದನ್ನು ಮೊದಲೇ ಪರೀಕ್ಷಿಸಬೇಕು.

ಶೇಷ ಸೊನ್ನೆ

ಮೊತ್ತ ತಾಳೆಯಾಗುವುದು ಯಾಕೆ ಸಾಕಾಗುವುದಿಲ್ಲ ಅನ್ನುವುದನ್ನು ಮಕ್ಕಳಿಗೆ ಬಿಡಿಸಿ ಹೇಳಲೇಬೇಕು. ನೀವು ಯಾವ ಮೂರು ಸಂಖ್ಯೆಗಳನ್ನು ತೆಗೆದುಕೊಂಡರೂ, ಪ್ರತಿಯೊಂದನ್ನೂ ಅವುಗಳ ಮೊತ್ತದಿಂದ ಭಾಗಿಸಿ 18,000ದಿಂದ ಗುಣಿಸಿದರೆ ಒಟ್ಟು 18,000 ಬಂದೇ ಬರುತ್ತದೆ. ಮೂವರ ವಯಸ್ಸನ್ನು ಹಾಕಿದರೂ ಬರುತ್ತದೆ. ಅಂದರೆ ಮೊತ್ತದ ತಾಳೆ ಗುಣಾಕಾರ, ಭಾಗಾಕಾರದ ತಪ್ಪನ್ನು ಹಿಡಿಯುತ್ತದೆ, ಆಧಾರ ತಪ್ಪಿದ್ದನ್ನು ಹಿಡಿಯುವುದಿಲ್ಲ.

ಅದನ್ನು ಹಿಡಿಯುವುದು ದರದ ತಾಳೆ. ಬಂದ ಉತ್ತರವನ್ನು ಆಯಾ ವ್ಯಕ್ತಿಯ ಮೂಲ ಅಳತೆಯಿಂದ ಭಾಗಿಸಿ, ಎಲ್ಲರಿಗೂ ಒಂದೇ ದರ ಬರುತ್ತದೆಯೇ ನೋಡಿ. ಮೇಲಿನ ತಪ್ಪು ಬಿಡಿಕೆಯಲ್ಲಿ ಕ-ನಿಗೆ ಗುಂಟೆಗೆ 60 ರೂ., ಖ-ನಿಗೆ 65.03, ಗ-ನಿಗೆ 50.65. ಒಂದೇ ಯಂತ್ರ, ಒಂದೇ ಊರು, ಮೂರು ದರ. ತಪ್ಪು ಅಲ್ಲೇ ಬಯಲಾಗುತ್ತದೆ.

ಬಿಡಿಸುವ ಮೊದಲೇ ಒಂದು ಅಂದಾಜೂ ಬೇಕು. ಖ-ನ ಗದ್ದೆ ಗ-ನ ಗದ್ದೆಯ ಎರಡರಷ್ಟಕ್ಕಿಂತ ಕಡಿಮೆ. ಹಣ ಮಾತ್ರ 8,454 ಮತ್ತು 3,545, ಎರಡರಷ್ಟನ್ನು ದಾಟಿದೆ. ಇಷ್ಟನ್ನು ಬಾಯಿಲೆಕ್ಕದಲ್ಲೇ ಕಂಡುಕೊಳ್ಳಬಹುದು.

ಎಫ್‌ಡಿಎ ತಯಾರಿ

ಬಹು ಆಯ್ಕೆ ಪ್ರಶ್ನೆಯಾದರೆ 10:13:7 ಎಂದು ಇಳಿಸಿದ ತಕ್ಷಣ, ಖ-ನ ಪಾಲು 13ರಿಂದ ಭಾಗವಾಗುವ ಆಯ್ಕೆಯನ್ನು ಹುಡುಕಿದರೆ ಸಾಕಲ್ಲವೇ? 7,800 ಮಾತ್ರ ಉಳಿಯುತ್ತದೆ.

ಶೇಷ ಸೊನ್ನೆ

ಒಂದು ಪಾಲಿನ ಬೆಲೆ ಪೂರ್ಣ ರೂಪಾಯಿಯಲ್ಲಿ ಬಂದರೆ ಮಾತ್ರ. ಮೊದಲು 18,000 ಸಂಖ್ಯೆ 30ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಯೇ ನೋಡಿ, ಆಮೇಲೆ ಈ ದಾರಿ ಹಿಡಿಯಿರಿ. ಬಾಡಿಗೆ 18,100 ಆಗಿದ್ದರೆ ಸರಿಯುತ್ತರವೇ 13ರಿಂದ ಭಾಗವಾಗದೆ, ನೀವು ಅದನ್ನೇ ಹೊಡೆದು ಹಾಕುತ್ತೀರಿ.

ತ್ರೈರಾಶಿಕ

ಈ ವಿಧಾನಕ್ಕೆ ನಮ್ಮಲ್ಲಿ ಹಳೆಯ ಬೇರಿದೆ. ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ಲೀಲಾವತಿಯಲ್ಲಿ ಮೂವರು ವರ್ತಕರ ಲೆಕ್ಕ ಬರುತ್ತದೆ: ಬಂಡವಾಳ 51, 68, 85, ಮೂವರದೂ ಸೇರಿ ವ್ಯಾಪಾರದಲ್ಲಿ 300 ಆಯಿತು, ಯಾರಿಗೆಷ್ಟು? ಅಲ್ಲಿನ ಕ್ರಮದಂತೆ ಪ್ರತಿಯೊಬ್ಬರ ಬಂಡವಾಳವನ್ನು 300ರಿಂದ ಗುಣಿಸಿ ಮೊತ್ತವಾದ 204ರಿಂದ ಭಾಗಿಸಬೇಕು. ಉತ್ತರ 75, 100, 125.

ಈ ಲೆಕ್ಕವನ್ನು ತರಗತಿಗೆ ಧಾರಾಳವಾಗಿ ತೆಗೆದುಕೊಂಡು ಹೋಗಬಹುದು. 51, 68, 85 ಮೂರೂ 17ರ ಗುಣಕಗಳು, ಆದ್ದರಿಂದ ಅನುಪಾತ 3:4:5, ಒಟ್ಟು 12 ಪಾಲು, ಪಾಲಿಗೆ 25. 17ರ ಮಗ್ಗಿ ಬಾಯಿಗೆ ಬರುವ ಮಗು ಪೆನ್ನು ಎತ್ತುವ ಮೊದಲೇ ಉತ್ತರ ಹೇಳುತ್ತದೆ. ಮ.ಸಾ.ಅ. ತೆಗೆದು ಸಂಕ್ಷೇಪಿಸುವುದರಿಂದ ಏನು ಸಿಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಬಯಲುಸೀಮೆ ಲೆಕ್ಕಿಗ

ಆಧಾರ ಒಂದೇ ಇದ್ದಾಗ ಅಷ್ಟೇನೂ ತೊಂದರೆಯಿಲ್ಲ. ಎರಡು ಆಧಾರ ಬಂದಾಗ ಗೊಂದಲ ಶುರುವಾಗುತ್ತದೆ. ಹುಲ್ಲುಗಾವಲಿನ ಲೆಕ್ಕ ತೆಗೆದುಕೊಳ್ಳಿ.

ಗೋಮಾಳದ ಪಕ್ಕದ ಖಾಸಗಿ ಹುಲ್ಲುಗಾವಲಿಗೆ ಬಾಡಿಗೆ 7,200 ರೂ. ಕ 12 ಹಸುಗಳನ್ನು 5 ತಿಂಗಳು ಮೇಯಿಸಿದ. ಖ 8 ಹಸುಗಳನ್ನು 6 ತಿಂಗಳು. ಗ 12 ಹಸು ಮತ್ತು 12 ಕರುಗಳನ್ನು 2 ತಿಂಗಳು. ಎರಡು ಕರು ಸೇರಿ ಒಂದು ಹಸುವಿನಷ್ಟು ಮೇಯುತ್ತವೆ ಎಂದಿಟ್ಟುಕೊಳ್ಳಿ.

ಮೊದಲು ಕರುಗಳನ್ನು ಹಸುವಿಗೆ ತಿರುಗಿಸಿ: ಗ-ನದು 12 + 6 = 18. ಈಗ ಹಸು × ತಿಂಗಳು: ಕ 60, ಖ 48, ಗ 36, ಒಟ್ಟು 144. ಒಂದು ಹಸು ಒಂದು ತಿಂಗಳು ಮೇಯಲು 50 ರೂ. ಕ 3,000, ಖ 2,400, ಗ 1,800.

ಯಾಕೆ ಗುಣಿಸಬೇಕು, ಯಾಕೆ ಕೂಡಬಾರದು? ಹಸು ಎರಡರಷ್ಟಾದರೆ ಮೇವು ಎರಡರಷ್ಟು, ತಿಂಗಳು ಎರಡರಷ್ಟಾದರೂ ಮೇವು ಎರಡರಷ್ಟು. ಎರಡೂ ಒಟ್ಟಿಗೆ ಎರಡರಷ್ಟಾದರೆ ನಾಲ್ಕರಷ್ಟು. ಹೀಗೆ ನಡೆದುಕೊಳ್ಳುವುದು ಗುಣಲಬ್ಧ ಮಾತ್ರ. 12 + 5 = 17 ಎಂದು ಕೂಡಿದರೆ ಆ 17 ಏನು, ಹಸುವೋ ತಿಂಗಳೋ ಎಂದು ಕೇಳಿ. ಮಗುವೇ ಹಿಂದೆ ಸರಿಯುತ್ತದೆ.

ಸಂಕ್ಷೇಪಿಸುವಾಗ ಆಗುವ ತಪ್ಪು ಇದಕ್ಕಿಂತ ಸೂಕ್ಷ್ಮ. ಪಟ್ಟಿ ಬರೆದುಕೊಂಡರೆ ಹಸುಗಳ ಕಂಬಸಾಲು 12, 8, 18. ತಿಂಗಳುಗಳ ಕಂಬಸಾಲು 5, 6, 2. ಕಂಬಸಾಲನ್ನು ಪೂರ್ತಿಯಾಗಿ 2ರಿಂದ ಹೊಡೆಯಬಹುದು: 6, 4, 9. ಗುಣಿಸಿದರೆ 30, 24, 18, ಅಂದರೆ ಅದೇ 5:4:3. ಅಡ್ಡಸಾಲಿನಲ್ಲಿ ಮಾತ್ರ ಹೊಡೆಯಬಾರದು. ಗ-ನ 18 ಮತ್ತು 2ನ್ನು 9 ಮತ್ತು 1 ಮಾಡಿದರೆ ಅವನ 36 ಹೋಗಿ 9 ಆಗುತ್ತದೆ, ಉಳಿದವರು ಅವನ ಹಸುಗಳ ಬಾಡಿಗೆಯನ್ನೂ ಕಟ್ಟಬೇಕಾಗುತ್ತದೆ. ಭಿನ್ನರಾಶಿಯಲ್ಲಿ ಮೇಲೆ ಕೆಳಗೆ ಹೊಡೆಯುವ ಅಭ್ಯಾಸದಿಂದ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಅದಕ್ಕೇ ಪಟ್ಟಿ ಹಾಕಿಸಿಯೇ ಬಿಡಿಸಿ.

ತಿಂಗಳ ಬದಲು ತಾರೀಕು ಕೊಟ್ಟಿದ್ದರೆ ದಿನಕ್ಕೆ ಇಳಿಸಿ. ಜೂನ್ 15ರಿಂದ ಆಗಸ್ಟ್ 31ರವರೆಗೆ ಎರಡೂ ದಿನ ಸೇರಿ 16 + 31 + 31 = 78 ದಿನ. ಜೂನ್‌ಗೆ 15 ಎಂದು ಬರೆಯುವವರು ಮೊದಲ ದಿನವನ್ನು ಬಿಟ್ಟಿರುತ್ತಾರೆ.

ಎಫ್‌ಡಿಎ ತಯಾರಿ

ಪಾಲುದಾರಿಕೆ ಲೆಕ್ಕಗಳೂ ಇದೇ ಜಾತಿಯವು ತಾನೆ? ನಡುವೆ ಸೇರುವುದು, ನಡುವೆ ಹಣ ವಾಪಸ್ ತೆಗೆಯುವುದು ಇದ್ದರೆ ಹೇಗೆ?

ಜಮಾ ಖರ್ಚು

ಅದೇ ಜಾತಿ. ಹಸುವಿನ ಜಾಗದಲ್ಲಿ ರೂಪಾಯಿ. ಒಂದು ವರ್ಷದ ವ್ಯವಹಾರ ಇಟ್ಟುಕೊಳ್ಳಿ. ಕ 40,000 ರೂ. ಪೂರ್ತಿ ವರ್ಷ. ಖ 4 ತಿಂಗಳ ನಂತರ 60,000 ಹಾಕಿ ಸೇರಿದ. ಗ ಮೊದಲಿಗೆ 90,000 ಹಾಕಿ, 6 ತಿಂಗಳ ನಂತರ 30,000 ವಾಪಸ್ ತೆಗೆದ. ವರ್ಷದ ಕೊನೆಗೆ ನಷ್ಟ 62,000.

ಸಾವಿರಗಳಲ್ಲಿ ಬರೆದರೆ ಕ 40 × 12 = 480. ಖ 60 × 8 = 480. "4 ತಿಂಗಳ ನಂತರ" ಅನ್ನುವುದನ್ನು ಓದಿ 60 × 4 ಬರೆಯುವುದು ಇಲ್ಲಿನ ಮಾಮೂಲು ತಪ್ಪು. ಹಣ ದುಡಿದದ್ದು ಉಳಿದ 8 ತಿಂಗಳು. ಗ-ನದು ಎರಡು ತುಂಡು: 90 × 6 = 540, ಆಮೇಲೆ 60 × 6 = 360, ಒಟ್ಟು 900. ಎರಡನೇ ತುಂಡಿಗೆ 30 × 6 ಬರೆಯುವವರಿದ್ದಾರೆ. ತೆಗೆದದ್ದು 30, ಒಳಗೆ ಉಳಿದದ್ದು 60. ಲೆಕ್ಕಕ್ಕೆ ಬರುವುದು ಉಳಿದದ್ದು.

480 : 480 : 900 ಅಂದರೆ 8 : 8 : 15. ಒಟ್ಟು 31 ಪಾಲು, ಪಾಲಿಗೆ 2,000. ಕ 16,000, ಖ 16,000, ಗ 30,000.

ಒಂದು ವಿಷಯವನ್ನು ವಾಣಿಜ್ಯ ವಿದ್ಯಾರ್ಥಿಗಳು ನೆನಪಿಡಬೇಕು. ಗಣಿತದ ಪುಸ್ತಕ ಏನೂ ಹೇಳದಿದ್ದರೆ ಬಂಡವಾಳ × ಅವಧಿಯ ಅನುಪಾತ. ಆದರೆ 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 13ನೇ ಕಲಮಿನ ಪ್ರಕಾರ, ಪಾಲುದಾರರ ನಡುವೆ ಬೇರೆ ಕರಾರು ಇಲ್ಲದಿದ್ದರೆ ಲಾಭ ನಷ್ಟ ಎರಡೂ ಸಮಪಾಲು. ಬಂಡವಾಳ ಎಷ್ಟೇ ಹೆಚ್ಚು ಕಡಿಮೆ ಇರಲಿ. ಅಕೌಂಟೆನ್ಸಿ ಪತ್ರಿಕೆಯಲ್ಲಿ ಕರಾರಿನ ಬಗ್ಗೆ ಮಾತಿಲ್ಲದ ಪ್ರಶ್ನೆ ಬಂದರೆ ಸಮಪಾಲು, ಸಾಮಾನ್ಯ ಗಣಿತದ ಪತ್ರಿಕೆಯಲ್ಲಿ ಬಂದರೆ ಅನುಪಾತ. ನಿಜ ವ್ಯವಹಾರ ಮಾಡುವವರು ಕರಾರು ಪತ್ರದಲ್ಲಿ ಅನುಪಾತವನ್ನು ಅಂಕಿಯಲ್ಲೇ ಬರೆಸಿಕೊಳ್ಳಬೇಕು.

ಹೈಸ್ಕೂಲ್ ಗಣಿತ

ಭಿನ್ನರಾಶಿಯ ಅನುಪಾತಕ್ಕೆ ಬರೋಣ. "6,500 ರೂ. ಖರ್ಚನ್ನು 1/2 : 1/3 : 1/4 ಅನುಪಾತದಲ್ಲಿ ಹಂಚಿ." ಮೊದಲನೆಯವನಿಗೆ 6,500ರ ಅರ್ಧ, 3,250 ಎಂದು ಬರೆಯುವ ಮಕ್ಕಳೇ ಹೆಚ್ಚು. 1/2 + 1/3 + 1/4 ಕೂಡಿಸಿ ನೋಡಿ: 13/12. ಒಂದನ್ನು ಮೀರಿತು. ಅಂದರೆ ಇವು ಒಟ್ಟಿನ ಭಾಗಗಳಾಗಿರಲು ಸಾಧ್ಯವೇ ಇಲ್ಲ, ಒಬ್ಬರಿಗೊಬ್ಬರು ಎಷ್ಟು ಅನ್ನುವ ಅಳತೆ ಮಾತ್ರ. ಛೇದಗಳ ಲ.ಸಾ.ಅ. 12ರಿಂದ ಗುಣಿಸಿದರೆ 6:4:3. ಒಟ್ಟು 13, ಪಾಲಿಗೆ 500. ಉತ್ತರ 3,000, 2,000, 1,500.

ಇದರ ಇನ್ನೊಂದು ವೇಷ: "ಕ-ನ ಪಾಲಿನ 2 ಪಟ್ಟು, ಖ-ನ ಪಾಲಿನ 3 ಪಟ್ಟು, ಗ-ನ ಪಾಲಿನ 4 ಪಟ್ಟು ಸಮ." ಕಣ್ಣಿಗೆ ಬೀಳುವುದು 2:3:4. ಸರಿಯಾದದ್ದು ಮತ್ತೆ 1/2 : 1/3 : 1/4. ಎರಡು ಪಟ್ಟಿಗೇ ಸಮಕ್ಕೆ ಬರುವವನ ಪಾಲು ದೊಡ್ಡದಿರಲೇಬೇಕು. ತಾಳೆ: 2 × 3,000, 3 × 2,000, 4 × 1,500, ಎಲ್ಲವೂ 6,000.

ಎರಡೆರಡು ಜೋಡಿಯಾಗಿ ಅನುಪಾತ ಕೊಟ್ಟರೆ ನಡುವಿನವನನ್ನು ಸಮ ಮಾಡಿ. ಕ:ಖ = 2:3, ಖ:ಗ = 4:5. ಖ ಒಂದು ಕಡೆ 3, ಇನ್ನೊಂದು ಕಡೆ 4. ಎರಡನ್ನೂ 12 ಮಾಡಿದರೆ 8:12:15. ಒಟ್ಟು 10,500 ಆದರೆ 2,400, 3,600, 4,500.

ಎಫ್‌ಡಿಎ ತಯಾರಿ

ವ್ಯತ್ಯಾಸ ಕೊಡುವ ಮಾದರಿಯನ್ನೂ ಸೇರಿಸುತ್ತೇನೆ. "ಇಬ್ಬರು ಖರ್ಚನ್ನು 5:8ರಲ್ಲಿ ಹಂಚಿಕೊಂಡರು. ಎರಡನೆಯವರು 1,350 ರೂ. ಹೆಚ್ಚು ಕೊಟ್ಟರು. ಒಟ್ಟು ಖರ್ಚೆಷ್ಟು?" 1,350 ಇರುವುದು 3 ಪಾಲಿಗೆ, ಪಾಲಿಗೆ 450, ಒಟ್ಟು 13 ಪಾಲು = 5,850. 1,350ನ್ನು 13ರಿಂದ ಭಾಗಿಸಲು ಹೋದರೆ 103.84... ಎಂದು ಎಳೆಯುತ್ತಾ ಹೋಗುತ್ತದೆ. ಹಾಗೆ ಕಂಡಾಗ ಕೊಟ್ಟ ಮೊತ್ತ ಎಷ್ಟು ಪಾಲಿನದು ಎಂದು ಮತ್ತೊಮ್ಮೆ ಓದಬೇಕು.

ಶೇಷ ಸೊನ್ನೆ

ಈಗ ಒಂದು ಲೆಕ್ಕ, ಇದಕ್ಕೆ ಎರಡು ಉತ್ತರ. ಮೂವರು ಒಂದೇ ಟ್ಯಾಕ್ಸಿಯಲ್ಲಿ ಒಂದೇ ದಾರಿಯಲ್ಲಿ ಹೊರಟರು. ಕ 30 ಕಿ.ಮೀ.ಗೆ ಇಳಿದ, ಖ 60ಕ್ಕೆ, ಗ 90ಕ್ಕೆ. ಕಿ.ಮೀ.ಗೆ 20 ರೂ., ಒಟ್ಟು 1,800.

ದೂರದ ಅನುಪಾತ ಹಿಡಿದರೆ 1:2:3. ಕ 300, ಖ 600, ಗ 900.

ಹಂತ ಹಂತವಾಗಿ ಹಂಚಿದರೆ, ಮೊದಲ 30 ಕಿ.ಮೀ.ಯ 600 ರೂ. ಮೂವರಿಗೆ, ತಲಾ 200. ಎರಡನೇ 30ರ 600 ಉಳಿದಿಬ್ಬರಿಗೆ, ತಲಾ 300. ಕೊನೆಯ 600 ಗ-ನೊಬ್ಬನಿಗೆ. ಕ 200, ಖ 500, ಗ 1,100.

ಎರಡರ ಮೊತ್ತವೂ 1,800. ಎರಡರಲ್ಲೂ ಪ್ರತಿಯೊಬ್ಬನೂ ಒಂಟಿಯಾಗಿ ಹೋಗಿದ್ದರೆ ಕೊಡಬೇಕಿದ್ದ 600, 1,200, 1,800ಕ್ಕಿಂತ ಕಡಿಮೆಯನ್ನೇ ಕೊಡುತ್ತಾನೆ. ಹಾಗಾಗಿ "ಯಾವುದು ಸರಿ" ಅನ್ನುವುದನ್ನು ಪ್ರಶ್ನೆಯ ವಾಕ್ಯ ತೀರ್ಮಾನಿಸಬೇಕು. "ದೂರದ ಅನುಪಾತದಲ್ಲಿ" ಎಂದರೆ ಮೊದಲನೆಯದು, "ಆಯಾ ಹಂತದಲ್ಲಿ ಗಾಡಿಯಲ್ಲಿದ್ದವರು ಸಮನಾಗಿ" ಎಂದರೆ ಎರಡನೆಯದು. ಯಾವುದನ್ನೂ ಹೇಳದ ಪ್ರಶ್ನೆ ಅರೆಬರೆ ಪ್ರಶ್ನೆ.

ಬಯಲುಸೀಮೆ ಲೆಕ್ಕಿಗ

ಪರೀಕ್ಷೆಗೆ ಅದು ಸರಿ. ನಿಜವಾಗಿ ಹಂಚಿಕೊಳ್ಳುವವರು ಯಾವುದನ್ನು ಆರಿಸಬೇಕು? ದೂರದ ಅನುಪಾತದಲ್ಲಿ ಎಲ್ಲರಿಗೂ ಕಿ.ಮೀ.ಗೆ 10 ರೂ. ಬೀಳುತ್ತದೆ. ಮೇಲೆ ಹೇಳಿದ ದರದ ತಾಳೆಗೆ ಒಪ್ಪುವುದೂ ಅದೇ. ನನಗೆ ಅದೇ ನ್ಯಾಯ ಅನ್ನಿಸುತ್ತದೆ.

ಶೇಷ ಸೊನ್ನೆ

ಗ 90ಕ್ಕೆ ಇಳಿಯದೆ 150 ಕಿ.ಮೀ.ವರೆಗೆ ಹೋದ ಎಂದಿಟ್ಟು ನೋಡಿ. ಒಟ್ಟು 3,000. ಅನುಪಾತ 30:60:150, ಅಂದರೆ 1:2:5. ಕ 375, ಖ 750, ಗ 1,875. ಕ ಮೊದಲಿನಂತೆ 30 ಕಿ.ಮೀ.ಗೇ ಇಳಿದಿದ್ದಾನೆ, ಆದರೂ ಅವನ ಪಾಲು 300ರಿಂದ 375ಕ್ಕೆ ಏರಿತು. ತಾನು ಇಳಿದ ಮೇಲೆ ಗಾಡಿ ಓಡಿದ್ದಕ್ಕೂ ಅವನು ಹಣ ಕೊಟ್ಟಂತಾಯಿತು. ಹಂತದ ವಿಧಾನದಲ್ಲಿ ಕ 200, ಖ 500 ಹಾಗೇ ಉಳಿದು, ಹೆಚ್ಚಿನ 1,200 ಪೂರ್ತಿಯಾಗಿ ಗ-ನ ಮೇಲೆ ಬೀಳುತ್ತದೆ: 2,300.

ಅರ್ಥಶಾಸ್ತ್ರದಲ್ಲಿ ಈ ಹಂತದ ಹಂಚಿಕೆಗೆ ಗಟ್ಟಿ ಆಧಾರವಿದೆ. ಸಹಕಾರದ ಖರ್ಚನ್ನು ಹಂಚುವುದಕ್ಕೆ ಲಾಯ್ಡ್ ಶಾಪ್ಲಿ 1953ರಲ್ಲಿ ಒಂದು ಸೂತ್ರ ಕೊಟ್ಟರು. ವಿಮಾನ ನಿಲ್ದಾಣದ ರನ್‌ವೇ ಖರ್ಚನ್ನು ಸಣ್ಣ, ದೊಡ್ಡ ವಿಮಾನಗಳ ನಡುವೆ ಹಂಚುವ ಸಮಸ್ಯೆಯಲ್ಲಿ ಆ ಸೂತ್ರ ಕೊಡುವ ಉತ್ತರವೂ ಹಂತ ಹಂತವಾಗಿ ಸಮನಾಗಿ ಹಂಚಿದ ಉತ್ತರವೂ ಒಂದೇ ಎಂದು ಲಿಟಲ್‌ಚೈಲ್ಡ್ ಮತ್ತು ಓವನ್ 1973ರಲ್ಲಿ ತೋರಿಸಿದರು. ಸಣ್ಣ ವಿಮಾನಕ್ಕೆ ಬೇಕಾದಷ್ಟು ಉದ್ದಕ್ಕೆ ಎಲ್ಲರೂ, ಅದರಾಚೆಯ ಉದ್ದಕ್ಕೆ ದೊಡ್ಡವು ಮಾತ್ರ. ಟ್ಯಾಕ್ಸಿ ಲೆಕ್ಕದ ರಚನೆಯೂ ಹಾಗೇ ಇದೆ.

ದರದ ತಾಳೆ ಎಲ್ಲಿ ಹೊಂದುತ್ತದೆ ಅಂದರೆ ಒಬ್ಬರ ಬಳಕೆ ಇನ್ನೊಬ್ಬರದರಿಂದ ಬೇರೆಯಾಗಿರುವಲ್ಲಿ. ಕಟಾವು ಯಂತ್ರ ಕ-ನ ಗದ್ದೆಯಲ್ಲಿ ಕೊಯ್ಯುವಾಗ ಖ-ನ ಗದ್ದೆಯಲ್ಲಿ ಕೊಯ್ಯುವುದಿಲ್ಲ. ಟ್ಯಾಕ್ಸಿಯ ಮೊದಲ 30 ಕಿ.ಮೀ. ಮಾತ್ರ ಮೂವರಿಗೂ ಏಕಕಾಲಕ್ಕೆ ಸೇರಿದ್ದು.

ತ್ರೈರಾಶಿಕ

ಆಧಾರ ಯಾವುದು ಅನ್ನುವುದಕ್ಕೆ ರೊಟ್ಟಿಯ ಹಳೆಯ ಲೆಕ್ಕವನ್ನೂ ಇಲ್ಲಿ ಹಾಕಲೇಬೇಕು. ಒಬ್ಬನ ಹತ್ತಿರ 5 ರೊಟ್ಟಿ, ಇನ್ನೊಬ್ಬನ ಹತ್ತಿರ 3. ಮೂರನೆಯವನೊಬ್ಬ ಬಂದ. ಮೂವರೂ ಸಮನಾಗಿ ತಿಂದರು. ಬಂದವನು 80 ರೂ. ಕೊಟ್ಟ. ಹೇಗೆ ಹಂಚಿಕೊಳ್ಳಬೇಕು?

5:3 ಎಂದು 50, 30 ಬರೆದರೆ ತಪ್ಪು. ತಲಾ ತಿಂದದ್ದು 8/3. ಮೊದಲನೆಯವನು ಬಿಟ್ಟುಕೊಟ್ಟದ್ದು 5 − 8/3 = 7/3, ಎರಡನೆಯವನು 3 − 8/3 = 1/3. ಅನುಪಾತ 7:1. ಹಾಗಾಗಿ 70 ಮತ್ತು 10. ತಂದದ್ದರಲ್ಲಿ ಅವರವರೇ ತಿಂದದ್ದಕ್ಕೆ ಮೂರನೆಯವನು ಹಣ ಕೊಡುವುದಿಲ್ಲ.

ಮಕ್ಕಳು ನಂಬದಿದ್ದರೆ ಪ್ರತಿ ರೊಟ್ಟಿಯನ್ನೂ ಮೂರು ತುಂಡು ಮಾಡಿಸಿ. 24 ತುಂಡು, ತಲಾ 8. ಮೊದಲನೆಯವನ 15ರಲ್ಲಿ 7 ಹೋಯಿತು, ಎರಡನೆಯವನ 9ರಲ್ಲಿ 1 ಹೋಯಿತು.

ಜಮಾ ಖರ್ಚು

ಮನೆ ಬಾಡಿಗೆ ಕಟ್ಟಡಗಳ ಕರೆಂಟ್ ಬಿಲ್ಲಿನಲ್ಲಿ ಇನ್ನೊಂದು ತಿರುವು ಬರುತ್ತದೆ. ಖರ್ಚಿನೊಳಗೇ ಎರಡು ಜಾತಿಯ ಖರ್ಚು ಬೆರೆತಿರುತ್ತವೆ.

ಮೂರು ಮನೆಗೆ ಒಂದೇ ಮುಖ್ಯ ಮೀಟರ್. ಬಿಲ್ಲು 2,400: ನಿಗದಿತ ಶುಲ್ಕ 600, ಜೊತೆಗೆ 240 ಯೂನಿಟ್‌ಗೆ 7.50ರಂತೆ 1,800. ಸಬ್ ಮೀಟರ್‌ಗಳು 40, 70, 90 ತೋರಿಸುತ್ತವೆ, ಒಟ್ಟು 200. ಉಳಿದ 40 ಯೂನಿಟ್ ನೀರಿನ ಮೋಟಾರು, ಮೆಟ್ಟಿಲ ದೀಪದ್ದು.

ಎಲ್ಲವನ್ನೂ 4:7:9ರಲ್ಲಿ ಹಂಚಿದರೆ 480, 840, 1,080. ಆದರೆ ನಿಗದಿತ ಶುಲ್ಕ ಯೂನಿಟ್‌ಗೆ ತಕ್ಕಂತೆ ಏರುವುದಿಲ್ಲ. ಬಿಡಿಸಿ ಹಂಚಿದರೆ ಶುಲ್ಕ ತಲಾ 200, ಸಾಮಾನ್ಯ 40 ಯೂನಿಟ್‌ನ 300 ರೂ. ತಲಾ 100, ಸ್ವಂತ ಬಳಕೆ 300, 525, 675. ಒಟ್ಟು 600, 825, 975. ಒಂದು ಮನೆ ತಿಂಗಳಿಡೀ ಬೀಗ ಹಾಕಿದ್ದರೆ ವ್ಯತ್ಯಾಸ ಎದ್ದು ಕಾಣುತ್ತದೆ: ಬರೀ ಅನುಪಾತದಲ್ಲಿ ಅವರ ಪಾಲು ಸೊನ್ನೆಯಾಗಿ, ಅವರ ನಿಗದಿತ ಶುಲ್ಕವನ್ನು ಉಳಿದಿಬ್ಬರು ಕಟ್ಟುತ್ತಾರೆ.

ಪ್ರವಾಸದ ಖರ್ಚು ಕೇಳುವವರಿಗೂ ಒಂದು ಮಾದರಿ. ಮೂರು ಕುಟುಂಬ: 2 ದೊಡ್ಡವರು 2 ಮಕ್ಕಳು, 2 ದೊಡ್ಡವರು 1 ಮಗು, 3 ದೊಡ್ಡವರು. ಮಗುವಿಗೆ ಅರ್ಧ. ಆಗ 3 : 2.5 : 3, ಅಂದರೆ 6:5:6. ಒಟ್ಟು ಖರ್ಚು 20,400, ಪಾಲಿಗೆ 1,200: 7,200, 6,000, 7,200. ಸ್ಥಳದಲ್ಲಿ ಮೊದಲ ಕುಟುಂಬ 12,400, ಎರಡನೆಯದು 8,000 ಕೊಟ್ಟಿದೆ. ಕೊಟ್ಟದ್ದರಲ್ಲಿ ಪಾಲು ಕಳೆದರೆ +5,200, +2,000, −7,200. ಮೂರನೇ ಕುಟುಂಬ ಒಬ್ಬರಿಗೆ 5,200, ಇನ್ನೊಬ್ಬರಿಗೆ 2,000 ಕೊಟ್ಟರೆ ಮುಗಿಯಿತು. ಈ ಮೂರು ಸಂಖ್ಯೆಗಳ ಮೊತ್ತ ಸೊನ್ನೆ ಬರದಿದ್ದರೆ ಯಾವುದೋ ರಸೀತಿ ಬಿಟ್ಟುಹೋಗಿದೆ ಅಥವಾ ಯಾರದೋ ಸ್ವಂತ ಖರೀದಿ ಜಂಟಿ ಖರ್ಚಿನಲ್ಲಿ ಸೇರಿಕೊಂಡಿದೆ.

ಎಫ್‌ಡಿಎ ತಯಾರಿ

ಪೂರ್ಣ ರೂಪಾಯಿಗೆ ತರುವಾಗ ಒಂದು ರೂಪಾಯಿ ಹೆಚ್ಚು ಕಡಿಮೆ ಬಂದರೆ ಏನು ಮಾಡಬೇಕು? 1,000 ರೂ.ಯನ್ನು 3:3:1ರಲ್ಲಿ ಹಂಚಿದರೆ 428.57, 428.57, 142.86. ಹತ್ತಿರದ ರೂಪಾಯಿಗೆ ತಂದರೆ 429 + 429 + 143 = 1,001.

ಜಮಾ ಖರ್ಚು

ಒಬ್ಬೊಬ್ಬರ ಪಾಲನ್ನು ಬೇರೆ ಬೇರೆಯಾಗಿ ಪೂರ್ಣಾಂಕಕ್ಕೆ ತರಬೇಡಿ. ಕೂಡುತ್ತಾ ಹೋದ ಮೊತ್ತವನ್ನು ಪೂರ್ಣಾಂಕಕ್ಕೆ ತಂದು, ಹಿಂದಿನದನ್ನು ಕಳೆಯಿರಿ. ಮೊದಲನೆಯವರವರೆಗೆ 428.57, ಅಂದರೆ 429. ಇಬ್ಬರವರೆಗೆ 857.14, ಅಂದರೆ 857. ಮೂವರವರೆಗೆ 1,000. ಪಾಲುಗಳು 429, 428, 143. ಕೊನೆಯ ಸಂಚಿತ ಮೊತ್ತ ಯಾವಾಗಲೂ ಪೂರ್ತಿ ಬಿಲ್ಲೇ ಆಗಿರುವುದರಿಂದ ಎಷ್ಟು ಜನರಿದ್ದರೂ ಒಂದು ರೂಪಾಯಿಯೂ ಅತ್ತಿತ್ತ ಆಗುವುದಿಲ್ಲ. ಎಕ್ಸೆಲ್‌ನಲ್ಲಿ ಸಂಚಿತ ಮೊತ್ತಕ್ಕೆ ಒಂದು ಕಾಲಂ, ಅದರ ಪೂರ್ಣಾಂಕಕ್ಕೆ ಒಂದು, ವ್ಯತ್ಯಾಸಕ್ಕೆ ಒಂದು ಇಟ್ಟರೆ ಸಾಕು.

ಸಮಪಾಲು ಇರುವ ಇಬ್ಬರಲ್ಲಿ ಒಬ್ಬರಿಗೆ ಒಂದು ರೂಪಾಯಿ ಹೆಚ್ಚು ಬೀಳುತ್ತದೆ, ಅದು ಪಟ್ಟಿಯ ಕ್ರಮದ ಮೇಲೆ ನಿಂತಿದೆ. ಪ್ರತಿ ತಿಂಗಳ ಬಿಲ್ಲಾದರೆ ಕ್ರಮವನ್ನು ತಿಂಗಳಿಗೊಮ್ಮೆ ತಿರುಗಿಸಿ. ಪರೀಕ್ಷೆಯಲ್ಲಿ ಮಾತ್ರ ಹೇಳದ ಹೊರತು ಪೂರ್ಣಾಂಕಕ್ಕೆ ತರಬೇಡಿ, ಎರಡು ದಶಮಾಂಶಕ್ಕೆ ನಿಲ್ಲಿಸಿ.

ಹೈಸ್ಕೂಲ್ ಗಣಿತ

ವಿಲೋಮ ಅನುಪಾತದ್ದೂ ಒಂದಿರಲಿ. 7,200 ರೂ. ಬಸ್ ಬಾಡಿಗೆ ಸಮನಾಗಿ ಹಂಚಿಕೊಳ್ಳಬೇಕಿತ್ತು. 6 ಜನ ಬರಲಿಲ್ಲ, ಉಳಿದವರಿಗೆ ತಲಾ 40 ರೂ. ಹೆಚ್ಚಾಯಿತು. ಮೊದಲಿಗೆ ಎಷ್ಟು ಜನ? ಜನರ ಸಂಖ್ಯೆ ನ ಎಂದಿಟ್ಟರೆ ಬಾರದ ಆರು ಜನರ ಪಾಲು 6 × 7,200/ನ. ಅದನ್ನು ಹೊತ್ತವರು ಉಳಿದವರು: 40 × (ನ − 6). ಹಾಗಾಗಿ ನ(ನ − 6) = 1,080. ವರ್ಗಸಮೀಕರಣದ ಸೂತ್ರಕ್ಕೆ ಓಡುವ ಮೊದಲು 6 ಅಂತರವಿರುವ ಎರಡು ಸಂಖ್ಯೆ ಹುಡುಕಿ: 36 × 30. ತಲಾ 200 ಇದ್ದದ್ದು 240 ಆಯಿತು.

ಬಯಲುಸೀಮೆ ಲೆಕ್ಕಿಗ

ಶೇಷ ಸೊನ್ನೆಯವರ ಹಂತದ ವಿಧಾನ ಕೊಳವೆಬಾವಿಯ ಪೈಪಿಗೆ ಚೆನ್ನಾಗಿ ಹೊಂದುತ್ತದೆ, ಅದನ್ನು ಒಪ್ಪಿದೆ. ಹಾಗಾದರೆ ಇದನ್ನು ಬಿಡಿಸಿ. ಜಂಟಿ ಕೊಳವೆಬಾವಿಯಿಂದ ಒಂದೇ ಪೈಪ್ ಸಾಲು. ಕ-ನ ಹೊಲ 100 ಮೀಟರ್‌ನಲ್ಲಿ, ಖ-ನದು 250ರಲ್ಲಿ, ಗ-ನದು 400ರಲ್ಲಿ. ಪೈಪು ಮೀಟರ್‌ಗೆ 120 ರೂ. ಮೋಟಾರಿಗೆ 36,000, ಅದನ್ನು ಎಕರೆಯ ಅನುಪಾತ 2:3:4ರಲ್ಲಿ. ಆಮೇಲೆ ಪೈಪಿಗೆ ಮಾತ್ರ 12,000 ಸಹಾಯಧನ ಬಂತು. ಯಾರ ಪಾಲು ಎಷ್ಟು?

ಶೇಷ ಸೊನ್ನೆ

ಪೈಪಿನ ಒಟ್ಟು 400 × 120 = 48,000. ಮೊದಲ 100 ಮೀಟರ್‌ನ 12,000 ಮೂವರಿಗೆ, ತಲಾ 4,000. ಮುಂದಿನ 150 ಮೀಟರ್‌ನ 18,000 ಇಬ್ಬರಿಗೆ, ತಲಾ 9,000. ಕೊನೆಯ 18,000 ಗ-ನಿಗೆ. ಹೀಗೆ 4,000, 13,000, 31,000. ಮೋಟಾರು 9 ಪಾಲು, ಪಾಲಿಗೆ 4,000: 8,000, 12,000, 16,000.

ಸಹಾಯಧನ 12,000 ಪೈಪಿನ ಖರ್ಚಿನ ಕಾಲು ಭಾಗ. ಹಾಗಾಗಿ ಪ್ರತಿಯೊಬ್ಬನ ಪೈಪಿನ ಪಾಲಿನಲ್ಲಿ ಕಾಲು ಭಾಗ ಕಳೆಯಿರಿ: 3,000, 9,750, 23,250. ಮೋಟಾರು ಸೇರಿಸಿದರೆ ಕ 11,000, ಖ 21,750, ಗ 39,250. ಒಟ್ಟು 72,000, ಅಂದರೆ 84,000ದಲ್ಲಿ 12,000 ಕಳೆದದ್ದು.

ಸಹಾಯಧನವನ್ನು ತಲಾ 4,000 ಎಂದು ಸಮನಾಗಿ ಹಂಚಿದರೂ ಮೊತ್ತ 72,000 ಎಂದೇ ಬರುತ್ತದೆ. ಆದರೆ ಆಗ ಕ-ನ ಪೈಪಿನ ಪಾಲು ಸೊನ್ನೆಯಾಗುತ್ತದೆ, 100 ಮೀಟರ್ ಪೈಪನ್ನು ಅವನು ಬಳಸುತ್ತಲೇ ಇರುತ್ತಾನೆ.

ಬಯಲುಸೀಮೆ ಲೆಕ್ಕಿಗ

ಉತ್ತರ ಸರಿ. ಮೊದಲ ಹಂತದ 12,000ವನ್ನೂ ಸಮನಾಗಿ ಹಂಚದೆ ಎಕರೆಯ 2:3:4ರಲ್ಲೇ ಹಂಚಬೇಕೆಂದು ಕ ವಾದಿಸಿದರೆ ಅವನ 4,000 ಇಳಿದು 2,666.67 ಆಗುತ್ತದೆ. ಎರಡನೇ ಹಂತ ಆಗ 3:4, ಖ-ನಿಗೆ 7,714.29. ನೀರು ಹರಿಯುವ ಪ್ರಮಾಣ ಎಕರೆಗೆ ತಕ್ಕಂತೆ ಇರುವ ಕಡೆ ಆ ವಾದಕ್ಕೂ ಬಲವಿದೆ. ಪೈಪು ಹೂಳುವ ಮೊದಲೇ ಯಾವ ಆಧಾರ ಎಂದು ಮೂವರೂ ಬರೆದು ಸಹಿ ಹಾಕಿಕೊಳ್ಳಲಿ.